ಆನೆಗೊಂದಿ ಮೇಲೆ ಎಂಜಿನ್ ನಿಂತರೆ ಇಳಿಯುವುದೆಲ್ಲಿ?

ಪುಟ್ಟ ವಿಮಾನ ಎಲ್ಲಿಯಾದರೂ ಬಿದ್ದರೆ ಸಂಜೆಯೊಳಗೆ ಸುದ್ದಿ ಬರುತ್ತದೆ. ಎಂಜಿನ್‌ನಲ್ಲಿ ತಾಂತ್ರಿಕ ದೋಷ, ಹೊಲಕ್ಕೆ ಬಿದ್ದ ವಿಮಾನ. ಜೊತೆಗೆ ಮುರಿದ ರೆಕ್ಕೆಯ ಫೋಟೊ, ಸುತ್ತ ನಿಂತ ಜನ. ಮಾರನೇ ದಿನಕ್ಕೆ ಆ ಸುದ್ದಿ ಮುಗಿಯಿತು. ಎಂಜಿನ್ ಯಾಕೆ ಕೈಕೊಟ್ಟಿತು? ಕೈಕೊಟ್ಟ ಮೇಲೆ ಪೈಲಟ್‌ಗೆ ಎಷ್ಟು ಹೊತ್ತು ಸಿಕ್ಕಿತು? ಕೆಳಗೆ ಏನಿತ್ತು? ಈ ಪ್ರಶ್ನೆಗಳನ್ನು ಕೇಳುವವರು ಕಡಿಮೆ. ನನಗಂತೂ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು ಅನಿಸುತ್ತದೆ. ಅದರಲ್ಲೂ ನಮ್ಮ ಕೊಪ್ಪಳ, ಬಳ್ಳಾರಿ, ರಾಯಚೂರು ಸೀಮೆಯ ಮಟ್ಟಿಗೆ.

ಈ ಮಾತು ಈಗ ಯಾಕೆ ಅಂದರೆ, ಹಂಪಿಯನ್ನು ಮೇಲಿನಿಂದ ನೋಡುವ ಆಸೆ ಜನರಿಗೆ ಹತ್ತಿದೆ. ಹಂಪಿ ಉತ್ಸವದ 'ಹಂಪಿ ಬೈ ಸ್ಕೈ' ಹೆಲಿಕಾಪ್ಟರ್ ಸವಾರಿ ಎಲ್ಲರಿಗೂ ಗೊತ್ತು. ಹೊಳೆಯ ಈಚೆ ದಡದಲ್ಲಿ ಆನೆಗೊಂದಿ, ಸಾಣಾಪುರ, ಅಂಜನಾದ್ರಿಗೆ ಬರುವ ಪ್ರವಾಸಿಗರು ಜಾಸ್ತಿ ಆಗಿದ್ದಾರೆ. ಹೆಲಿಕಾಪ್ಟರ್ ದುಬಾರಿ. ಅದಕ್ಕಿಂತ ಎಷ್ಟೋ ಅಗ್ಗಕ್ಕೆ ಹಾರಿಸಬಹುದಾದ ಮೈಕ್ರೋಲೈಟ್ (ಒಬ್ಬಿಬ್ಬರು ಕೂರುವ ಹಗುರ ವಿಮಾನ), ಪ್ಯಾರಾಮೋಟರ್ (ಬೆನ್ನಿಗೆ ಎಂಜಿನ್ ಕಟ್ಟಿಕೊಂಡು ಪ್ಯಾರಾಚೂಟ್‌ನಂಥ ಬಟ್ಟೆಯ ರೆಕ್ಕೆಯಡಿ ಹಾರುವ ಸಾಧನ) ಇವುಗಳ ಮೇಲೆ ಪ್ರವಾಸೋದ್ಯಮದವರ ಕಣ್ಣು ಬೀಳುವುದು ಸಹಜ. ಅವಕ್ಕೆ ದೊಡ್ಡ ರನ್‌ವೇ ಬೇಡ, ಇನ್ನೂರು ಮುನ್ನೂರು ಮೀಟರ್ ಸಮತಟ್ಟಾದ ನೆಲ ಸಾಕು. ತೋರಣಗಲ್ಲು ಹತ್ತಿರ ವಿದ್ಯಾನಗರದಲ್ಲಿ ವಿಮಾನ ನಿಲ್ದಾಣ ಇದೆ. ಕೊಪ್ಪಳದ ಪಕ್ಕ ಖಾಸಗಿ ಏರ್‌ಸ್ಟ್ರಿಪ್ ಇದೆ. ರಾಯಚೂರಿನ ಯರಮರಸ್‌ನಲ್ಲಿ ವಿಮಾನ ನಿಲ್ದಾಣದ ಮಾತು ಕಾಗದ ಬಿಟ್ಟು ನೆಲಕ್ಕಿಳಿದಿದೆ.

ಇಂಥ ಹಾರಾಟ ಬೇಡ ಅಂತ ನಾನು ಹೇಳುತ್ತಿಲ್ಲ. ಬರಲಿ. ಎನ್‌ಸಿಸಿ ಏರ್ ವಿಂಗ್‌ನ ಮಕ್ಕಳು ಮೊದಲ ಸಲ ನೆಲ ಬಿಡುವುದು ಮೈಕ್ರೋಲೈಟ್‌ನಲ್ಲೇ. ಗಂಗಾವತಿಯ ಹುಡುಗಿಗೆ ಪೈಲಟ್ ಆಗುವ ಆಸೆ ಹುಟ್ಟುವುದೂ ಇಂಥ ಪುಟ್ಟ ವಿಮಾನ ನೋಡಿಯೇ. ಆದರೆ ಟಿಕೆಟ್ ಹರಿಯುವ ಮೊದಲು ಒಂದಿಷ್ಟು ವಿಷಯ ಈ ಭಾಗದವರಿಗೆ ಗೊತ್ತಿರಬೇಕು. ಅನುಮತಿ ಕೊಡುವ ಅಧಿಕಾರಿಗಳಿಗಂತೂ ಗೊತ್ತಿರಲೇಬೇಕು.

ಎಂಜಿನ್ ಮಾಡಿದವರೇ ಹೇಳುವ ಮಾತು

ಅಲ್ಟ್ರಾಲೈಟ್ ಅಂದರೆ ಎಷ್ಟು ಹಗುರ? ಅಮೆರಿಕದಲ್ಲಿ 1982ರಿಂದ ಇರುವ ನಿಯಮದ ಪ್ರಕಾರ ಒಬ್ಬರೇ ಕೂರಬೇಕು, ಖಾಲಿ ವಿಮಾನದ ತೂಕ 115 ಕಿಲೋ ದಾಟಬಾರದು, ಟ್ಯಾಂಕ್‌ನಲ್ಲಿ ಸುಮಾರು 19 ಲೀಟರ್ ಪೆಟ್ರೋಲ್ ಅಷ್ಟೇ ಹಿಡಿಯಬೇಕು. ಉಳಿದ ದೇಶಗಳಲ್ಲಿ ಇಬ್ಬರು ಕೂರುವ, ಇನ್ನಷ್ಟು ತೂಗುವ ವಿಮಾನಗಳೂ ಈ ಗುಂಪಿಗೆ ಸೇರುತ್ತವೆ. ನಮ್ಮಲ್ಲಿ ಅವನ್ನು ಮೈಕ್ರೋಲೈಟ್ ಅಂತಲೇ ಕರೆಯುತ್ತಾರೆ. ಕೆಲವಕ್ಕೆ ಗಟ್ಟಿ ರೆಕ್ಕೆ, ಮುಚ್ಚಿದ ಕ್ಯಾಬಿನ್ ಇರುತ್ತದೆ. ಕೆಲವಕ್ಕೆ ಮೇಲೆ ಬಟ್ಟೆಯ ರೆಕ್ಕೆ, ಕೆಳಗೆ ಮೂರು ಚಕ್ರದ ಚೌಕಟ್ಟು, ಹಿಂದೆ ಎಂಜಿನ್. ಇದು ಟ್ರೈಕ್.

ಈ ಪುಟ್ಟ ವಿಮಾನಗಳ ದೊಡ್ಡ ಪಾಲು ಆಸ್ಟ್ರಿಯಾದ ರೋಟ್ಯಾಕ್ಸ್ ಕಂಪನಿಯ ಎಂಜಿನ್ ಮೇಲೆ ಹಾರುತ್ತದೆ. ಹಳೆಯ 503, 582 ಮಾದರಿಗಳು ಟೂ-ಸ್ಟ್ರೋಕ್. ಹಿಮದ ಮೇಲೆ ಓಡುವ ಗಾಡಿಗಳ ಎಂಜಿನ್ ಕುಲದಿಂದ ಬಂದವು. 582ರ ಶಕ್ತಿ ಸುಮಾರು 65 ಅಶ್ವಶಕ್ತಿ, 300 ಗಂಟೆ ಓಡಿದ ಮೇಲೆ ಪೂರ್ತಿ ಬಿಚ್ಚಿ ಓವರ್‌ಹಾಲ್ ಮಾಡಬೇಕು. ಹೊಸ 912 ಮಾದರಿ ಫೋರ್-ಸ್ಟ್ರೋಕ್, 80 ಅಥವಾ 100 ಅಶ್ವಶಕ್ತಿ, ಓವರ್‌ಹಾಲ್ 2000 ಗಂಟೆಗೆ. ಎರಡರ ನಡುವಿನ ಅಂತರ ನೋಡಿ. ಒಂದು ಮೈಕ್ರೋಲೈಟ್ ಹತ್ತಬೇಕು ಅಂದಾಗ ಯಾವ ಎಂಜಿನ್, ಎಷ್ಟು ಗಂಟೆ ಓಡಿದೆ ಅಂತ ಕೇಳುವುದು ಅಧಿಕಪ್ರಸಂಗ ಅಲ್ಲ.

ಇನ್ನು ಮುಖ್ಯ ವಿಷಯ. ರೋಟ್ಯಾಕ್ಸ್ ತನ್ನ ಇಂಥ ಎಂಜಿನ್‌ಗಳ ಕೈಪಿಡಿಯಲ್ಲಿ ಒಂದು ಎಚ್ಚರಿಕೆ ಅಚ್ಚು ಹಾಕುತ್ತದೆ. ಅದರ ಸಾರ ಇಷ್ಟು: ಈ ಎಂಜಿನ್ ಯಾವ ಕ್ಷಣದಲ್ಲಾದರೂ ದಿಢೀರ್ ಅಂತ ನಿಲ್ಲಬಹುದು. ನಿಂತ ಮೇಲೆ ಎಂಜಿನ್ ಇಲ್ಲದೆಯೇ ಕ್ಷೇಮವಾಗಿ ಇಳಿಯಲು ಆಗದಂಥ ಜಾಗದ ಮೇಲೆ, ಅಂಥ ಎತ್ತರದಲ್ಲಿ, ಅಂಥ ವೇಗದಲ್ಲಿ ಯಾವತ್ತೂ ಹಾರಬೇಡಿ.

ದೊಡ್ಡ ವಿಮಾನದಲ್ಲಿ ಒಂದು ಎಂಜಿನ್ ಹೋದರೆ ಇನ್ನೊಂದು ಇರುತ್ತದೆ. ಇಲ್ಲಿ ಇರುವುದೇ ಒಂದು. ಅದು ನಿಲ್ಲಬಹುದು ಅಂತ ಮಾಡಿದವರೇ ಬರೆದುಕೊಟ್ಟಿದ್ದಾರೆ. ಅಂದ ಮೇಲೆ ಪ್ರಶ್ನೆ ಎಂಜಿನ್ ಕಡೆಯಿಂದ ನೆಲದ ಕಡೆಗೆ ತಿರುಗುತ್ತದೆ. ಎಂಜಿನ್ ನಿಲ್ಲುವುದಕ್ಕೂ ಜೀವ ಹೋಗುವುದಕ್ಕೂ ನಡುವೆ ಒಂದಷ್ಟು ಜಾಗ ಇದೆ. ಆ ಜಾಗವನ್ನು ಉಳಿಸಿಕೊಳ್ಳುವ ಕೆಲಸ ಹಾರುವ ಮೊದಲೇ ಆಗಬೇಕು.

ಎಂಜಿನ್ ಯಾಕೆ ನಿಲ್ಲುತ್ತದೆ

ಮೊದಲ ಕಾರಣ ಕೇಳಿದರೆ ಬೇಸರ ಆಗುತ್ತದೆ. ಪೆಟ್ರೋಲ್ ಖಾಲಿಯಾಗುವುದು. ಲೋಕದ ಎಲ್ಲ ಕಡೆಯ ತನಿಖಾ ವರದಿಗಳಲ್ಲೂ ಇದು ಮತ್ತೆ ಮತ್ತೆ ಬರುತ್ತದೆ. ಎದುರುಗಾಳಿ ಸಿಕ್ಕಿತು, ಇನ್ನೊಂದು ಸುತ್ತು ಹೊಡೆದರು, ಗೇಜ್ ಸರಿಯಾಗಿ ತೋರಿಸಲಿಲ್ಲ. ಕೆಲವೊಮ್ಮೆ ಟ್ಯಾಂಕ್‌ನಲ್ಲಿ ಪೆಟ್ರೋಲ್ ಇದ್ದರೂ ಕಾಕ್ ತಿರುಗಿಸುವುದು ಮರೆತಿರುತ್ತಾರೆ. ಇದರಲ್ಲಿ ಎಂಜಿನ್ ತಪ್ಪೇನೂ ಇಲ್ಲ. ಆದರೂ ಸುದ್ದಿಯಲ್ಲಿ ಅದು 'ಎಂಜಿನ್ ದೋಷ' ಅಂತಲೇ ಬರುತ್ತದೆ.

ಎರಡನೆಯದು ಪೆಟ್ರೋಲಿನ ಗುಣ. ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಯಾಕೆಂದರೆ ಕೆಲವೇ ವರ್ಷಗಳಲ್ಲಿ ನಮ್ಮ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲೇ ಬದಲಾಗಿದೆ. ಶೇ 20ರಷ್ಟು ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್‌ಗೆ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ, 2023ರ ಫೆಬ್ರವರಿ 6ರಂದು. ಈಗ ಹೆಚ್ಚುಕಮ್ಮಿ ಎಲ್ಲ ಬಂಕ್‌ನಲ್ಲೂ ಅದೇ. ಕಬ್ಬು, ಮೆಕ್ಕೆಜೋಳ ಬೆಳೆಯುವವರಿಗೆ ಇದರಿಂದ ಒಳ್ಳೆಯದಾಗಿರಬಹುದು. ಹೊಸ ಕಾರು, ಬೈಕ್‌ಗಳನ್ನು ಇದಕ್ಕೆ ಹೊಂದುವಂತೆಯೇ ಮಾಡಿದ್ದಾರೆ. ಆದರೆ ರೋಟ್ಯಾಕ್ಸ್ 912 ಎಂಜಿನ್‌ಗೆ ಕಂಪನಿ ಒಪ್ಪಿಗೆ ಕೊಟ್ಟಿರುವುದು ಶೇ 10ರವರೆಗಿನ ಎಥೆನಾಲ್‌ಗೆ ಮಾತ್ರ. ಅಂದರೆ ಪಕ್ಕದ ಬಂಕ್‌ನಿಂದ ಕ್ಯಾನ್‌ನಲ್ಲಿ ತಂದು ಸುರಿಯುವ ಪೆಟ್ರೋಲ್ ಈ ವಿಮಾನಕ್ಕೆ ಸಲ್ಲುವುದಿಲ್ಲ.

ಸಲ್ಲದಿದ್ದರೆ ಆಗುವುದೇನು? ಎಥೆನಾಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಅರ್ಧ ತುಂಬಿದ ಟ್ಯಾಂಕ್ ದಿನಗಟ್ಟಲೆ ಶೆಡ್‌ನಲ್ಲಿ ನಿಂತರೆ ನೀರಿನಂಶ ಸೇರುತ್ತಾ ಹೋಗುತ್ತದೆ. ಮಿತಿ ಮೀರಿದಾಗ, ಅದರಲ್ಲೂ ರಾತ್ರಿ ತಣ್ಣಗಾದಾಗ, ನೀರು ಮತ್ತು ಎಥೆನಾಲ್ ಒಟ್ಟಾಗಿ ಪೆಟ್ರೋಲ್‌ನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಎಂಜಿನ್‌ಗೆ ಹೋಗುವ ಪೈಪ್ ಇರುವುದೂ ತಳದಲ್ಲೇ ಅಲ್ವಾ? ನೆಲದ ಮೇಲೆ ಐದು ನಿಮಿಷ ಸರಿಯಾಗಿ ಓಡಿದ ಎಂಜಿನ್, ಮೇಲೇರುವಾಗ ಆ ಪದರವನ್ನು ಎಳೆದುಕೊಂಡು ಕೆಮ್ಮಲು ಶುರು ಮಾಡಬಹುದು. ಎಥೆನಾಲ್‌ಗಾಗಿ ಮಾಡದ ರಬ್ಬರ್ ಪೈಪುಗಳು ಊದಿಕೊಳ್ಳುತ್ತವೆ, ಒಳಗಿನಿಂದ ಉದುರುತ್ತವೆ. ಕೆಲವು ಬಗೆಯ ಫೈಬರ್ ಟ್ಯಾಂಕ್‌ಗಳ ಅಂಟೇ ಕರಗುತ್ತದೆ. ಆ ಚೂರುಗಳು ಫಿಲ್ಟರ್‌ನಲ್ಲಿ, ಅಲ್ಲಿ ತಪ್ಪಿದರೆ ಕಾರ್ಬೊರೇಟರ್‌ನ ಸಣ್ಣ ತೂತಿನಲ್ಲಿ ಸಿಕ್ಕಿಕೊಳ್ಳುತ್ತವೆ.

ಇನ್ನೊಂದು ತೊಂದರೆ ಕಣ್ಣಿಗೆ ಕಾಣುವುದಿಲ್ಲ. ಎಥೆನಾಲ್‌ನಲ್ಲಿಯೇ ಆಮ್ಲಜನಕ ಇದೆ. ಹಳೆಯ ಕಾರ್ಬೊರೇಟರ್‌ಗೆ ಅದು ಗೊತ್ತಾಗುವುದಿಲ್ಲ. ಅದು ಮೊದಲಿನಷ್ಟೇ ಪೆಟ್ರೋಲ್ ಬಿಡುತ್ತದೆ. ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆಯಾಗಿ ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಜಾಸ್ತಿ ಕಾಯುತ್ತದೆ. ಟೂ-ಸ್ಟ್ರೋಕ್ ಎಂಜಿನ್‌ನಲ್ಲಿ ಇದು ನೇರ ಅಪಾಯ. ನಮ್ಮ ಕಡೆ ನೆಲ್ಲು, ಹತ್ತಿಗೆ ಎಣ್ಣೆ ಹೊಡೆಯುವ ಬೆನ್ನ ಮೇಲಿನ ಪವರ್ ಪಂಪ್ ಬಳಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪೆಟ್ರೋಲ್‌ಗೆ ಆಯಿಲ್ ಕಡಿಮೆ ಬಿದ್ದರೆ, ಬಿಸಿಲಲ್ಲಿ ಬಿಡುವಿಲ್ಲದೆ ಓಡಿಸಿದರೆ ಪಿಸ್ಟನ್ ಸೀಜ್ ಆಗುತ್ತದೆ. ಹೊಲದಲ್ಲಿ ಆದರೆ ಪಂಪ್ ಕೆಳಗಿಟ್ಟು ಮೆಕ್ಯಾನಿಕ್ ಹತ್ತಿರ ಒಯ್ಯಬಹುದು. ಪ್ಯಾರಾಮೋಟರ್ ಹಾರಿಸುವವರ ಬೆನ್ನ ಮೇಲಿರುವುದೂ, ಹಳೆಯ ಟ್ರೈಕ್‌ನ ಹಿಂದೆ ಇರುವುದೂ ಅದೇ ಜಾತಿಯ ಎಂಜಿನ್.

ಹಾಗಾದರೆ ವಿಮಾನದ ಪೆಟ್ರೋಲನ್ನೇ ಹಾಕಬಹುದಲ್ಲ? ಹಾಕಬಹುದು. ಪಿಸ್ಟನ್ ಎಂಜಿನ್ ವಿಮಾನಗಳಿಗೆ ಬೇಕಾದ ಅವ್‌ಗ್ಯಾಸ್ 100 ಎಲ್‌ಎಲ್ ಮೊದಲು ಹೊರದೇಶದಿಂದ ಬರುತ್ತಿತ್ತು. ಇಂಡಿಯನ್ ಆಯಿಲ್ ತಾನೇ ತಯಾರಿಸಿದ ಅವ್‌ಗ್ಯಾಸನ್ನು 2022ರಲ್ಲಿ ಬಿಡುಗಡೆ ಮಾಡಿತು. ಆದರೆ ಅದರಲ್ಲಿ ಸೀಸ ಇದೆ. 912ಕ್ಕೆ ಸದಾ ಅದನ್ನೇ ಹಾಕಿದರೆ ಸೀಸದ ಕಸ ಒಳಗೆ ಕೂರುತ್ತದೆ, ಎಂಜಿನ್ ಆಯಿಲ್ ಬೇಗ ಬೇಗ ಬದಲಿಸಬೇಕಾಗುತ್ತದೆ. ಬೆಲೆಯೂ ಜಾಸ್ತಿ, ಇಲ್ಲಿಯವರೆಗೆ ತರಿಸುವ ಖರ್ಚು ಬೇರೆ. ನಾಲ್ಕು ದಿನದ ಉತ್ಸವಕ್ಕೆ ಅಂತ ಬರುವ ಆಪರೇಟರ್ ಅಷ್ಟು ತಾಪತ್ರಯ ತೆಗೆದುಕೊಳ್ಳುತ್ತಾರಾ, ಇಲ್ಲ ಕ್ಯಾನ್ ಹಿಡಿದು ಬಂಕ್‌ಗೆ ಹೋಗುತ್ತಾರಾ? ಇದನ್ನು ಯಾರೋ ಒಬ್ಬರು ಪರೀಕ್ಷಿಸಲೇಬೇಕು.

ಮೂರನೆಯದು ನಮ್ಮ ಬಿಸಿಲು. ಏಪ್ರಿಲ್, ಮೇನಲ್ಲಿ ರಾಯಚೂರು, ಬಳ್ಳಾರಿಯಲ್ಲಿ 42 ಡಿಗ್ರಿ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ಕಾದ ಗಾಳಿ ತೆಳು. ಕೊಪ್ಪಳ ಸಮುದ್ರ ಮಟ್ಟದಿಂದ ಸುಮಾರು 500 ಮೀಟರ್ ಎತ್ತರದಲ್ಲಿದೆ. 42 ಡಿಗ್ರಿ ಇರುವ ಮಧ್ಯಾಹ್ನ ಅಲ್ಲಿನ ಗಾಳಿ, ವಿಮಾನದ ಲೆಕ್ಕದಲ್ಲಿ, 1,600 ಮೀಟರ್ ಎತ್ತರದ ಗಾಳಿಯಷ್ಟು ತೆಳುವಾಗಿರುತ್ತದೆ. ಸಮುದ್ರ ಮಟ್ಟದ ತಂಪು ಗಾಳಿಗೆ ಹೋಲಿಸಿದರೆ ಎಂಜಿನ್‌ನ ಶಕ್ತಿ ಸುಮಾರು ಏಳನೇ ಒಂದು ಭಾಗ ಕಡಿಮೆ. ರೆಕ್ಕೆಗೂ, ಪ್ರೊಪೆಲ್ಲರ್‌ಗೂ ಹಿಡಿತ ಕಡಿಮೆ. ನೆಲ ಬಿಡಲು ಉದ್ದ ಓಟ ಬೇಕು, ಏರುವುದು ನಿಧಾನ. ಅಂದರೆ ಎಂಜಿನ್ ನಿಂತಾಗ ಕೈಯಲ್ಲಿರುವ ಎತ್ತರವೂ ಕಡಿಮೆ. ಅದೇ ಬಿಸಿಲಿಗೆ ಪೈಪಿನೊಳಗೆ ಪೆಟ್ರೋಲ್ ಆವಿಯಾಗಿ ಗುಳ್ಳೆ ಕಟ್ಟಿದರೆ ಪಂಪ್‌ಗೆ ಸಿಗುವುದು ಬರೀ ಆವಿ.

ಹಾಗಂತ ಚಳಿಗಾಲ ಪೂರ್ತಿ ಕ್ಷೇಮ ಅಂದುಕೊಳ್ಳಬೇಡಿ. ಕಾರ್ಬೊರೇಟರ್ ಒಳಗೆ ಪೆಟ್ರೋಲ್ ಆವಿಯಾಗುವಾಗ ಅಲ್ಲಿನ ತಾಪ ಒಮ್ಮೆಲೇ ಕುಸಿಯುತ್ತದೆ. ಗಾಳಿಯಲ್ಲಿ ತೇವ ಇದ್ದರೆ ಹೊರಗೆ 20 ಡಿಗ್ರಿ ಇದ್ದರೂ ಒಳಗೆ ಮಂಜುಗಡ್ಡೆ ಕಟ್ಟಬಹುದು. ಡಿಸೆಂಬರ್‌ನ ಬೆಳಗಿನ ಜಾವ, ಹೊಳೆ ಮತ್ತು ನೀರು ನಿಂತ ಗದ್ದೆಗಳ ಮೇಲೆ, ಥ್ರಾಟಲ್ ಇಳಿಸಿ ನಿಧಾನಕ್ಕೆ ಕೆಳಗೆ ಬರುವಾಗ ಇದರ ಸಾಧ್ಯತೆ ಜಾಸ್ತಿ. ಸೂರ್ಯೋದಯ ತೋರಿಸಲು ಕರೆದೊಯ್ಯುವುದೂ ಸರಿಯಾಗಿ ಅದೇ ಹೊತ್ತಿಗೆ.

ದೂಳಿನ ಬಗ್ಗೆ ಸಂಡೂರು, ತೋರಣಗಲ್ಲು, ಗಿಣಿಗೇರಿ ಕಡೆಯವರಿಗೆ ಹೊಸದಾಗಿ ಹೇಳುವುದೇನಿಲ್ಲ. ಬೇರೆ ಕಡೆಯ ಏರ್ ಫಿಲ್ಟರ್ ಲೆಕ್ಕ ಇಲ್ಲಿ ನಡೆಯುವುದಿಲ್ಲ ಅಷ್ಟೇ. ನಿರ್ವಹಣೆಯದೂ ಇದೇ ಮಾತು. 912 ಎಂಜಿನ್‌ನ ರಬ್ಬರ್ ಭಾಗಗಳನ್ನೆಲ್ಲ, ವಿಮಾನ ಹಾರಿರಲಿ ಬಿಡಲಿ, ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಶೆಡ್‌ನಲ್ಲಿ ಸುಮ್ನೆ ನಿಂತಿದ್ದ ವಿಮಾನ ಹೊಸದರಂತೆ ಹೊಳೆಯುತ್ತಿರಬಹುದು, ಪೈಪುಗಳಿಗೆ ವಯಸ್ಸು ಆಗಿಯೇ ಇರುತ್ತದೆ.

ಮೂವತ್ತೈದು ಸೆಕೆಂಡ್

ಈಗ ಎಂಜಿನ್ ನಿಂತಿತು ಅಂತಲೇ ಇಟ್ಟುಕೊಳ್ಳೋಣ. ನೆಲದಿಂದ 100 ಮೀಟರ್ ಎತ್ತರ. ವಿಮಾನ ಕಲ್ಲಿನ ಹಾಗೆ ಬೀಳುವುದಿಲ್ಲ, ತೇಲುತ್ತದೆ. ಬಟ್ಟೆ ರೆಕ್ಕೆಯ ಟ್ರೈಕ್ ಒಂದು ಮೀಟರ್ ಇಳಿಯುವಷ್ಟರಲ್ಲಿ ಸುಮಾರು ಎಂಟು ಮೀಟರ್ ಮುಂದೆ ಹೋಗುತ್ತದೆ ಅನ್ನಿ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಇದು ಮೂವತ್ತೈದು ಸೆಕೆಂಡಿನ ಆಟ. ಮುಂದೆ 800 ಮೀಟರ್‌ವರೆಗೆ ಎಲ್ಲಾದರೂ ಇಳಿಯಬಹುದು. ಇದರಲ್ಲಿ ಏನಾಯಿತು ಅಂತ ಅರ್ಥ ಆಗುವಷ್ಟರಲ್ಲಿ ಮೂರು ನಾಲ್ಕು ಸೆಕೆಂಡ್ ಹೋಗಿರುತ್ತದೆ.

ಆ ಮೊದಲ ಸೆಕೆಂಡುಗಳಲ್ಲಿ ಮೂಗು ಕೆಳಗೆ ಮಾಡಲೇಬೇಕು. ಭಾರದ ವಿಮಾನಕ್ಕೆ ಒಂದಷ್ಟು ಓಟದ ಬಲ ಉಳಿದಿರುತ್ತದೆ. ಇದಕ್ಕೆ ಆ ಬಲ ಇಲ್ಲ. ಏರುತ್ತಿರುವಾಗ ಮೂಗು ಮೇಲಿರುತ್ತದೆ, ಎಂಜಿನ್ ನಿಂತ ಕೂಡಲೇ ಗಾಳಿ ಅದರ ವೇಗವನ್ನು ತಿಂದುಹಾಕುತ್ತದೆ. ವೇಗ ಒಂದು ಮಟ್ಟಕ್ಕಿಂತ ಇಳಿದರೆ ರೆಕ್ಕೆ ಎತ್ತಿ ಹಿಡಿಯುವುದನ್ನು ಬಿಟ್ಟುಬಿಡುತ್ತದೆ. ಇದಕ್ಕೆ ಸ್ಟಾಲ್ ಅನ್ನುತ್ತಾರೆ. ಮಾತಿನಲ್ಲಿ ಇದು ಸುಲಭ. ನೆಲ ಹತ್ತಿರ ಬರುತ್ತಿರುವಾಗ ಮೂಗನ್ನು ಇನ್ನೂ ನೆಲದ ಕಡೆಗೇ ತಿರುಗಿಸು ಅಂದರೆ ಕೈ ಒಪ್ಪುವುದಿಲ್ಲ. ಕೈಗೆ ರೂಢಿ ಆಗುವವರೆಗೆ ಅಭ್ಯಾಸ ಮಾಡಿಸುವುದು ಇದಕ್ಕಾಗಿಯೇ.

ಜೀವ ಹೋಗುವುದು ಹೆಚ್ಚಾಗಿ ಇನ್ನೊಂದು ಕಡೆ. ಎಂಜಿನ್ ನಿಂತ ಕೂಡಲೇ, ಈಗಷ್ಟೇ ಬಿಟ್ಟು ಬಂದ ರನ್‌ವೇ ನೆನಪಾಗುತ್ತದೆ. ತಿರುಗಿ ಹೋಗಿಬಿಡೋಣ ಅನಿಸುತ್ತದೆ. ತಿರುಗಿ ಅದೇ ಪಟ್ಟಿಗೆ ಸೇರಲು 180 ಡಿಗ್ರಿ ಸಾಲುವುದಿಲ್ಲ, 220 ಡಿಗ್ರಿಯಷ್ಟು ಸುತ್ತಬೇಕು. ಮೂವತ್ತು ಡಿಗ್ರಿ ವಾಲಿಸಿ ತಿರುಗಿದರೆ ಅದಕ್ಕೇ ಹದಿನೈದು ಸೆಕೆಂಡ್ ಬೇಕು, ಅರ್ಧ ಎತ್ತರ ಅಲ್ಲೇ ಕರಗುತ್ತದೆ. ಸಾಲುವುದಿಲ್ಲ ಅನಿಸಿದಾಗ ಇನ್ನೂ ವಾಲಿಸುತ್ತಾರೆ. 45 ಡಿಗ್ರಿ ವಾಲಿಸಿದರೆ ಸ್ಟಾಲ್ ಆಗುವ ವೇಗ ಶೇ 19ರಷ್ಟು ಮೇಲೇರುತ್ತದೆ, 60 ಡಿಗ್ರಿಗೆ ಶೇ 41. ಅಲ್ಲಿ ಒಂದು ರೆಕ್ಕೆ ಮೊದಲು ಸೋಲುತ್ತದೆ, ವಿಮಾನ ತಿರುಚಿಕೊಂಡು ನೆಲಕ್ಕೆ ಬೀಳುತ್ತದೆ. ಮುಂದೆ ಸಿಕ್ಕ ಹೊಲದಲ್ಲಿ ನೇರ ಇಳಿದಿದ್ದರೆ ಚಕ್ರ ಮುರಿದು, ಕೈಕಾಲಿಗೆ ಪೆಟ್ಟಾಗಿ ಬದುಕಬಹುದಾಗಿದ್ದ ಎಷ್ಟೋ ಪೈಲಟ್‌ಗಳು ಹೀಗೆ ಹೋಗಿದ್ದಾರೆ.

2023ರ ಮೇ 30ರಂದು ಬೆಳಗಾವಿಯ ಸಾಂಬ್ರಾದಿಂದ ಹಾರಿದ್ದ ಇಬ್ಬರಿದ್ದ ತರಬೇತಿ ವಿಮಾನದಲ್ಲಿ ತೊಂದರೆ ಕಾಣಿಸಿತು. ಅದು ಹೊನ್ನಿಹಾಳ ಹತ್ತಿರ ಹೊಲದಲ್ಲಿ ಇಳಿಯಿತು. ವಿಮಾನ ಜಖಂ ಆಯಿತು, ಇಬ್ಬರೂ ಬದುಕಿದರು. ಅಲ್ಲಿ ಕೆಳಗೆ ಹೊಲ ಇತ್ತು. ಕಾರವಾರದ ಕಡಲ ತೀರದಲ್ಲಿ 2020ರ ಅಕ್ಟೋಬರ್ 2ರಂದು ಪ್ಯಾರಾಮೋಟರ್ ಸಮುದ್ರಕ್ಕೆ ಬಿತ್ತು, ಸವಾರಿಗೆ ಹೋಗಿದ್ದ ನೌಕಾಪಡೆಯ ಅಧಿಕಾರಿ ತೀರಿಕೊಂಡರು. ನೌಕಾಪಡೆಯವರಿಗೆ ನೀರು ಹೊಸದಲ್ಲ. ಆದರೆ ಬೆನ್ನಿಗೆ ಯಂತ್ರ, ಮೈಗೆ ಪಟ್ಟಿ, ಸುತ್ತ ಹಗ್ಗ ಇದ್ದಾಗ ಈಜು ಬರುತ್ತದೋ ಇಲ್ಲವೋ ಅನ್ನುವುದು ಎರಡನೇ ಮಾತಾಗುತ್ತದೆ. ಎರಡೂ ಪ್ರಕರಣಗಳ ಕಾರಣ ಬೇರೆ ಬೇರೆ. ಕೆಳಗೆ ಏನಿತ್ತು ಅನ್ನುವುದು ಮಾತ್ರ ಎರಡರಲ್ಲೂ ಲೆಕ್ಕಕ್ಕೆ ಬಂತು.

ನಮ್ಮ ಕೆಳಗೆ ಏನಿದೆ

ಆನೆಗೊಂದಿ ಸುತ್ತಲಿನ ನೆಲವನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಉತ್ತರಕ್ಕೆ ಅಂಜನಾದ್ರಿಯ ಸಾಲು, ಎಲ್ಲಿ ನೋಡಿದರೂ ಗುಂಡುಕಲ್ಲು. ದಕ್ಷಿಣಕ್ಕೆ ತುಂಗಭದ್ರೆ, ಅದರ ಪಾತ್ರದಲ್ಲೂ ಬಂಡೆ. ನಡುವೆ ಬಾಳೆ ತೋಟ, ತೆಂಗು, ನೆಲ್ಲಿನ ಗದ್ದೆ, ಕಾಲುವೆ. ಆಚೆ ದಡದಲ್ಲಿ ಹಂಪಿ, ಅಲ್ಲಿ ಗೋಡೆ, ಗೋಪುರ, ಜನ. 100 ಮೀಟರ್ ಎತ್ತರದಲ್ಲಿ ಹಾರುತ್ತಿದ್ದರೆ, 800 ಮೀಟರ್ ಒಳಗೆ ಚಕ್ರ ಊರಲು ಎಲ್ಲಿ ಜಾಗ ಇದೆ? ಕೆಲವು ಕಡೆ ಇದೆ, ಬಹಳ ಕಡೆ ಇಲ್ಲ. ಎಂಜಿನ್ ಕಂಪನಿ ಬರೆದ ಎಚ್ಚರಿಕೆಯನ್ನು ಈ ನಕ್ಷೆಯ ಪಕ್ಕ ಇಟ್ಟು ಓದಿದರೆ, ಪ್ರವಾಸಿಗರು ಯಾವುದನ್ನು ನೋಡಲು ದುಡ್ಡು ಕೊಡುತ್ತಾರೋ ಸರಿಯಾಗಿ ಅದರ ಮೇಲೆಯೇ ಕಡಿಮೆ ಎತ್ತರದಲ್ಲಿ ಹಾರಬಾರದು. 500 ಮೀಟರ್ ಎತ್ತರದಲ್ಲಿ ಹಾರಿದರೆ ಮಾತು ಬೇರೆ. ನಾಲ್ಕು ಕಿಲೋಮೀಟರ್ ತೇಲಬಹುದು, ಮೂರು ನಿಮಿಷ ಯೋಚಿಸಬಹುದು. ಆದರೆ ಗೋಪುರದ ಹತ್ತಿರ ಹೋಗಿ ಅನ್ನುವ ಸವಾರರೂ, ಚೆನ್ನಾಗಿರುವ ವಿಡಿಯೊ ಬೇಕು ಅನ್ನುವ ಆಪರೇಟರೂ ವಿಮಾನವನ್ನು ಕೆಳಕ್ಕೆ ಎಳೆಯುತ್ತಾರೆ.

ನೆಲ್ಲಿನ ಗದ್ದೆ ಮೇಲಿನಿಂದ ಹಾಸಿದ ಹಾಗೆ ಸಮತಟ್ಟು ಕಾಣುತ್ತದೆ. ನಂಬಬಾರದು. ನೀರು ನಿಂತ ಕೆಸರಿಗೆ ಚಕ್ರ ಹೂತ ಕೂಡಲೇ ವಿಮಾನ ಮೂಗಿನ ಮೇಲೆ ಪಲ್ಟಿ ಹೊಡೆಯುತ್ತದೆ. ತಲೆಕೆಳಗಾಗಿ, ಬೆಲ್ಟ್‌ನಲ್ಲಿ ನೇತಾಡಿಕೊಂಡು, ಮುಖ ನೀರಲ್ಲಿ. ಒಂದಡಿ ನೀರು ಸಾಕು ಉಸಿರುಗಟ್ಟಲು. ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪ, ಎಡದಂಡೆ ಬಲದಂಡೆ ಎರಡೂ ಕಡೆ ಇಂಥ ಗದ್ದೆಗಳೇ. ಕುಯಿಲು ಮುಗಿದ ಮೇಲಿನ ಒಣ ಗದ್ದೆ ಆದರೆ ಪರವಾಗಿಲ್ಲ, ಬದುಗಳನ್ನು ನೋಡಿಕೊಂಡರೆ ಆಯಿತು.

ಒಳ್ಳೆಯ ನೆಲ ಇಲ್ಲ ಅಂತಲ್ಲ. ಯಲಬುರ್ಗಾ, ಕುಕನೂರು ಕಡೆಯ ಎರೆ ಹೊಲ, ರಾಯಚೂರಿನ ಮಳೆಯಾಶ್ರಿತ ಬಯಲು, ಬಳ್ಳಾರಿಯ ಪೂರ್ವಕ್ಕೆ ಹತ್ತಿ, ಮೆಣಸಿನಕಾಯಿ ಬೆಳೆಯುವ ಕಪ್ಪು ನೆಲ. ಬೆಳೆ ತೆಗೆದ ಮೇಲೆ ಕಣ್ಣಳತೆಯವರೆಗೂ ಬಯಲು. ಸಾಲಿನ ಉದ್ದಕ್ಕೆ ಇಳಿಯಬೇಕು, ಅಡ್ಡಕ್ಕಲ್ಲ, ಅಷ್ಟೇ. ಕಷ್ಟ ಏನೆಂದರೆ ಈ ಹೊಲಗಳು ಖಾಲಿ ಇರುವುದು ಬೇಸಿಗೆಯಲ್ಲಿ, ಎಂಜಿನ್‌ಗೂ ರೆಕ್ಕೆಗೂ ಅದು ಕೆಟ್ಟ ಕಾಲ. ಪ್ರವಾಸಿಗರು ಬರುವ ತಂಪಿನ ತಿಂಗಳುಗಳಲ್ಲಿ ಹೊಲ ತುಂಬಿರುತ್ತದೆ.

ತಂತಿಗಳ ಮಾತು ಇನ್ನೂ ಬಾಕಿ ಇದೆ. ಕುಡಿತಿನಿಯಲ್ಲಿ ಬಳ್ಳಾರಿ ಥರ್ಮಲ್, ಶಕ್ತಿನಗರದಲ್ಲಿ ರಾಯಚೂರು ಥರ್ಮಲ್. ಎರಡೂ ಕಡೆಯಿಂದ ಹೈಟೆನ್ಶನ್ ಲೈನ್‌ಗಳು ದಿಕ್ಕು ದಿಕ್ಕಿಗೆ ಹೋಗಿವೆ. ಕುಕನೂರು, ಯಲಬುರ್ಗಾ ಸುತ್ತ ಗಾಳಿ ವಿದ್ಯುತ್ತಿನ ಕಂಬಗಳು ಎದ್ದಿವೆ. ಇವು ದೊಡ್ಡವು, ಕಾಣುತ್ತವೆ. ನಿಜವಾಗಿ ಕೊಲ್ಲುವುದು ಪಂಪ್‌ಸೆಟ್‌ಗೆ ಹೋಗುವ ತೆಳು ಲೈನ್. ಮೇಲಿನಿಂದ ನೋಡಿದರೆ ಮಣ್ಣಿನ ಬಣ್ಣದಲ್ಲಿ ತಂತಿ ಕರಗಿಹೋಗುತ್ತದೆ. ಅದಕ್ಕೇ ತಂತಿ ಹುಡುಕಬೇಡ, ಕಂಬ ಹುಡುಕು ಅಂತ ಕಲಿಸುತ್ತಾರೆ. ಹೊರಗಿನಿಂದ ಬಂದ ಪೈಲಟ್‌ಗೆ ಯಾವ ಹೊಲದಲ್ಲಿ ಯಾವ ಲೈನ್ ಹೋಗಿದೆ ಅಂತ ಮೂವತ್ತೈದು ಸೆಕೆಂಡಿನಲ್ಲಿ ಗೊತ್ತಾಗುವುದು ಹೇಗೆ? ಮೊದಲೇ ಗೊತ್ತಿರಬೇಕು. ಸವಾರಿ ಶುರುವಾಗುವ ಮುಂಚೆ ಆ ದಾರಿಯನ್ನು ನೆಲದ ಮೇಲೆ ನಡೆದು, ಬೈಕ್‌ನಲ್ಲಿ ಸುತ್ತಿ, ಇಳಿಯಬಹುದಾದ ಹೊಲಗಳನ್ನು ಗುರುತು ಮಾಡಿ, ರೈತರ ಹತ್ತಿರ ಮಾತಾಡಿಕೊಂಡಿರಬೇಕು. ಜಿಲ್ಲಾಡಳಿತ ಅನುಮತಿ ಪತ್ರದ ಜೊತೆ ಇಂಥದ್ದೊಂದು ನಕ್ಷೆ ಕೇಳಿದರೆ ಅರ್ಧ ಅಪಾಯ ಅಲ್ಲೇ ಇಳಿಯುತ್ತದೆ ಅಂತ ನಾನು ನಂಬುತ್ತೇನೆ. ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎಯ ಕಾಗದ ಎಲ್ಲ ಸರಿ ಇದೆ ಅಂದ ಮಾತ್ರಕ್ಕೆ ಈ ನಕ್ಷೆ ತಯಾರಾಗಿದೆ ಅಂತ ಅಲ್ಲ. ಡಿಜಿಸಿಎ ನೋಡುವುದು ವಿಮಾನವನ್ನು, ಪೈಲಟ್‌ನ ಲೈಸೆನ್ಸ್ ಅನ್ನು. ಕಾರಟಗಿಯ ಗದ್ದೆಯಲ್ಲಿ ಈ ವಾರ ನೀರಿದೆಯೋ ಇಲ್ಲವೋ ಅನ್ನುವುದು ಇಲ್ಲಿಯವರಿಗೇ ಗೊತ್ತಿರುವುದು.

ಕೆಲವು ಮೈಕ್ರೋಲೈಟ್‌ಗಳಲ್ಲಿ ಇಡೀ ವಿಮಾನವನ್ನೇ ಇಳಿಸುವ ಪ್ಯಾರಾಚೂಟ್ ಇರುತ್ತದೆ. ಹಿಡಿ ಎಳೆದರೆ ಸಣ್ಣ ರಾಕೆಟ್ ಅದನ್ನು ಹೊರಗೆ ಎಳೆಯುತ್ತದೆ. ಒಳ್ಳೆಯ ಸಾಧನ. ಬಿಚ್ಚಿಕೊಳ್ಳಲು ಒಂದಷ್ಟು ಎತ್ತರ ಬೇಕು ಅನ್ನುವುದೇ ಮಿತಿ. ಟೇಕ್‌ಆಫ್ ಆದ ಕೂಡಲೇ ಎಂಜಿನ್ ನಿಂತರೆ ಅದೂ ನೆರವಿಗೆ ಬರುವುದು ಕಷ್ಟ.

ನಮ್ಮೂರ ಹೊಲದಲ್ಲಿ ಬಿದ್ದರೆ

ಮೊದಲು ಓಡಿ ಬರುವವರು ಹೊಲದಲ್ಲಿ ಕೆಲಸ ಮಾಡುತ್ತಿದ್ದವರೇ. ಹಾಗಾಗಿ ಇದು ಅವರಿಗೆ ಗೊತ್ತಿರಬೇಕು. ಪೆಟ್ರೋಲ್ ಸೋರಿರುತ್ತದೆ, ಬೀಡಿ, ಸಿಗರೇಟು ಹತ್ತಿರ ಬರಬಾರದು. ಕರೆಂಟ್ ತಂತಿ ಹರಿದು ಬಿದ್ದಿದ್ದರೆ ಜೆಸ್ಕಾಂನವರು ಲೈನ್ ಆಫ್ ಮಾಡುವವರೆಗೆ ಮುಟ್ಟಬೇಡಿ. ಪ್ಯಾರಾಚೂಟ್ ಇರುವ ವಿಮಾನದ ಮೇಲೆ ಎಚ್ಚರಿಕೆಯ ಸ್ಟಿಕ್ಕರ್ ಅಂಟಿಸಿರುತ್ತಾರೆ. ಬಿಚ್ಚದೆ ಉಳಿದ ರಾಕೆಟ್ ಜೀವಂತ ಇರುತ್ತದೆ, ಆ ಕಡೆಯಿಂದ ಎಳೆದಾಡಬಾರದು. ಒಳಗಿದ್ದವರ ಬೆನ್ನುಮೂಳೆಗೆ ಪೆಟ್ಟಾಗಿರುವ ಸಾಧ್ಯತೆ ಜಾಸ್ತಿ. ಬೆಂಕಿ ಇಲ್ಲ, ಮುಖ ನೀರಲ್ಲಿ ಇಲ್ಲ ಅಂದರೆ 108ರವರು ಬರುವವರೆಗೆ ತಲೆ ಕುತ್ತಿಗೆ ಅಲುಗದಂತೆ ಹಿಡಿದು ಕೂರುವುದೇ ದೊಡ್ಡ ಸಹಾಯ. ಗದ್ದೆಯಲ್ಲಿ ತಲೆಕೆಳಗಾಗಿ ಬಿದ್ದಿದ್ದರೆ ಮಾತ್ರ ಕಾಯಬೇಡಿ. ಮೊದಲು ಮುಖ ನೀರಿನಿಂದ ಮೇಲೆತ್ತಿ, ಆಮೇಲೆ ಬೆಲ್ಟ್ ಬಿಚ್ಚಿ. ಬಿಚ್ಚುವ ಮುಂಚೆ ಮೈಭಾರ ಹಿಡಿದುಕೊಳ್ಳಿ, ಇಲ್ಲದಿದ್ದರೆ ತಲೆ ಮೇಲೆ ಬೀಳುತ್ತಾರೆ.

ಆಮೇಲೆ ಆ ಜಾಗವನ್ನು ಹಾಗೇ ಬಿಡಬೇಕು. 2025ರ ಜೂನ್ 12ರ ಅಹಮದಾಬಾದ್ ದುರಂತದ ನಂತರ ವಿಮಾನ ಅಪಘಾತ ತನಿಖಾ ಮಂಡಳಿ, ಅಂದರೆ ಎಎಐಬಿ, ಹೆಸರು ಮನೆಮನೆಗೆ ಗೊತ್ತಾಯಿತು. ದೊಡ್ಡ ವಿಮಾನದಲ್ಲಿ ಕಪ್ಪು ಪೆಟ್ಟಿಗೆ ಇರುತ್ತದೆ. ಮೈಕ್ರೋಲೈಟ್‌ನಲ್ಲಿ ಅದು ಇರುವುದಿಲ್ಲ. ಬಿದ್ದ ಚೂರುಗಳೇ ಸಾಕ್ಷಿ.

ಪ್ರೊಪೆಲ್ಲರ್ ನೋಡಿ. ಎಲ್ಲ ಅಲಗುಗಳೂ ಚೂರಾಗಿ ದೂರ ದೂರ ಸಿಡಿದಿದ್ದರೆ ನೆಲಕ್ಕೆ ಬಡಿಯುವಾಗ ಎಂಜಿನ್ ಜೋರಾಗಿ ತಿರುಗುತ್ತಿತ್ತು ಅಂತ ಅರ್ಥ. ಒಂದು ಅಲಗು ಮುರಿದು ಇನ್ನೊಂದು ಹಾಗೇ ಉಳಿದಿದ್ದರೆ ಎಂಜಿನ್ ಮೊದಲೇ ನಿಂತಿತ್ತು. ಪ್ಲಗ್ ಬಿಚ್ಚಿದರೆ ಇನ್ನೊಂದು ಸುಳಿವು. ಗಂಗಾವತಿಯ ಯಾವ ಬೈಕ್ ಮೆಕ್ಯಾನಿಕ್ ಕೂಡ ಅದನ್ನು ಓದಬಲ್ಲ. ತುದಿ ತಿಳಿಕಂದು ಇದ್ದರೆ ಎಂಜಿನ್ ಸರಿಯಾಗಿ ಉರಿಯುತ್ತಿತ್ತು. ಸುಣ್ಣದಂತೆ ಬೆಳ್ಳಗಿದ್ದರೆ ಮಿಶ್ರಣ ತೆಳುವಾಗಿ ಅತಿಯಾಗಿ ಕಾದಿದೆ. ಕರ್ರಗೆ ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ ಆಗಿದೆ ಅಥವಾ ಏರ್ ಫಿಲ್ಟರ್ ಕಟ್ಟಿದೆ. ಕಾರ್ಬೊರೇಟರ್ ಬಟ್ಟಲಲ್ಲಿ ಉಳಿದ ನಾಲ್ಕು ಚಮಚ ಪೆಟ್ರೋಲ್‌ನಲ್ಲಿ ನೀರಿನ ಹನಿ ಸಿಗಬಹುದು, ರಬ್ಬರ್ ಚೂರು ಸಿಗಬಹುದು. ಯಾರೋ ನೆನಪಿಗೆ ಇರಲಿ ಅಂತ ಪ್ರೊಪೆಲ್ಲರ್ ತುಂಡು ಮನೆಗೆ ಒಯ್ದರೆ, ವಾಸನೆ ಬರುತ್ತಿದೆ ಅಂತ ಇನ್ಯಾರೋ ಟ್ಯಾಂಕ್ ಚೆಲ್ಲಿದರೆ, ಆ ಉತ್ತರ ಯಾವತ್ತಿಗೂ ಸಿಗುವುದಿಲ್ಲ.

ವಿಮಾನ ಹೊರಟ ಜಾಗದಲ್ಲೂ ಇಷ್ಟೇ ಎಚ್ಚರ ಬೇಕು. ಆ ದಿನ ಪೆಟ್ರೋಲ್ ತುಂಬಿಸಿದ ಕ್ಯಾನ್, ಅದರ ತಳದಲ್ಲಿ ಉಳಿದದ್ದು, ಬಂಕ್ ಬಿಲ್, ಎಂಜಿನ್ ಗಂಟೆ ಬರೆದಿಟ್ಟ ಲಾಗ್‌ಬುಕ್, ಇವಿಷ್ಟನ್ನೂ ಪೊಲೀಸರು ಅದೇ ಸಂಜೆ ವಶಕ್ಕೆ ತೆಗೆದುಕೊಳ್ಳಬೇಕು. ಅಂತರರಾಷ್ಟ್ರೀಯ ಪದ್ಧತಿಯಂತೆ ವಿಮಾನ ಅಪಘಾತದ ಪ್ರಾಥಮಿಕ ವರದಿಗೆ 30 ದಿನ, ಪೂರ್ತಿ ವರದಿಗೆ ಒಂದು ವರ್ಷ ಅಂತ ಲೆಕ್ಕ. ವರದಿ ಬಂದ ದಿನ ಅದರಲ್ಲಿ ಬರೆದಿರುವ ಕಾರಣವನ್ನು ನಮ್ಮ ಜಿಲ್ಲೆಯ ಪತ್ರಿಕೆ, ಚಾನೆಲ್‌ಗಳು ಕನ್ನಡದಲ್ಲಿ, ಅಪಘಾತದ ಸುದ್ದಿ ಹಾಕಿದಷ್ಟೇ ದೊಡ್ಡದಾಗಿ ಹಾಕಬೇಕು. ಮುಂದಿನ ಸವಾರಿಗೆ ಅನುಮತಿ ಕೇಳಿ ಬರುವ ಫೈಲ್‌ಗೂ ಅದರ ಒಂದು ಪ್ರತಿ ಲಗತ್ತಿಸಬೇಕು.